ಸಮುದ್ರಮಟ್ಟದ ಕೆಳಗೊಂದು ಹಿಮಾಲಯ

ಕಳೆದ ಭಾನುವಾರ, ಬೆಂಗಳೂರಿನಿಂದ ಹೊಸದಾಗಿ ಬಂದ ಸಹೋದ್ಯೋಗಿಯೊಬ್ಬರ ಮಕ್ಕಳಿಗೆ ವಿಮಾನ ತೋರಿಸಲು ನೆದರ್ಲೆಂಡ್ಸ್‌ನ ಹೂಫ್‌ಡಾರ್ಪ್‌ಗೆ ಹೋಗಿದ್ದೆ. ಊರಾಚೆ, ಸ್ಕಿಪೋಲ್ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳನ್ನು ನೋಡಲೆಂದೇ ಮಣ್ಣು ಪೇರಿಸಿ ಮಾಡಿದ ಒಂದು ಗುಡ್ಡವಿದೆ. ಮಕ್ಕಳು ತುದಿಗೆ ಓಡಿದರು. ನಾನು ಅರ್ಧದಲ್ಲೇ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದೆ. ಕೆಳಗಿನ ಹುಲ್ಲಿನಲ್ಲಿ ಮಳೆಗೆ ತೊಯ್ದ ಕುರಿಗಳು ಮೇಯುತ್ತಿದ್ದವು. ಗಾಳಿ ತಿರುಗಿದ್ದೇ ಹಸಿ ಉಣ್ಣೆಯ ವಾಸನೆ ಮೂಗಿಗೆ ಬಡಿಯಿತು. ನಾನು ಒಬ್ಬನೇ ನಗತೊಡಗಿದೆ. ಒಂದು ಇಡೀ ಚಳಿಗಾಲ ನಮ್ಮ ಮನೆಯ ಹೀಟರಿನ ಮೇಲೆ ಒಣಗುತ್ತಿದ್ದ ನಮ್ಮ ಅತ್ತೆಯ ಶಾಲಿನ ವಾಸನೆಯದು.

ಆಗ ನಾವು ಹೂಫ್‌ಡಾರ್ಪ್‌ನ ಒಂದು ಸಾಲುಮನೆಯಲ್ಲಿ ಬಾಡಿಗೆಗಿದ್ದೆವು. ವಿಮಾನದ ಸರಕು ಯಾವಾಗ ಎಲ್ಲಿಗೆ ಹೋಗಬೇಕೆಂದು ಹೇಳುವ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಹೆಂಡತಿ ಶಾಲ್ಮಲಾ ವನ್ಯಜೀವಿ ಸಂಶೋಧಕಿ. ಹಿಮಾಚಲದ ಸ್ಪಿತಿ ಕಣಿವೆಯಲ್ಲಿ ಹಿಮಚಿರತೆ, ತೋಳ ಮತ್ತು ಅಲ್ಲಿನ ಜನರ ದನಕುರಿಗಳು ಒಂದೇ ಬೆಟ್ಟವನ್ನು ಹೇಗೆ ಹಂಚಿಕೊಂಡು ಬದುಕುತ್ತವೆ ಎಂಬುದು ಅವಳ ಅಧ್ಯಯನ. ಮೈಸೂರಿನಲ್ಲಿ ನನ್ನ ಅಮ್ಮ ನೆಂಟರಿಗೆ, "ಸೊಸೆ ನೆದರ್ಲೆಂಡ್ಸ್‌ನಲ್ಲಿ ಕೂತ್ಕೊಂಡು ಹಿಮಾಲಯದ ಚಿರತೆ ಎಣಿಸ್ತಾಳೆ" ಎಂದು ಹೇಳುತ್ತಿದ್ದರು. ಕೇಳಿದವರು ಮರ್ಯಾದೆಯಿಂದ ಬೇರೆ ಮಾತು ತೆಗೆಯುತ್ತಿದ್ದರಂತೆ.

ಆ ವರ್ಷ ಎಣಿಕೆ ಕಷ್ಟಕ್ಕೆ ಬಂದಿತ್ತು. ಶಾಲ್ಮಲಾಳ ಕೆಲಸದ ಕರಾರು ವಸಂತಕ್ಕೆ ಮುಗಿಯುವುದಿತ್ತು. ಅವಳು ಹೊಸದಾಗಿ ಆರಿಸಿದ ಒಂದು ಎತ್ತರದ ಕಣಿವೆಯಲ್ಲಿ ಹಿಮಚಿರತೆ ಇದೆ ಎಂದು ತೋರಿಸಿದರೆ ಯೋಜನೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಮುಚ್ಚಿಹೋಗುತ್ತದೆ. ಎದುರು ಏನಾದರೂ ಅಲ್ಲಾಡಿದರೆ ತಾವಾಗಿ ಫೋಟೋ ತೆಗೆಯುವ ಕ್ಯಾಮೆರಾಗಳನ್ನು ಅಲ್ಲಿ ಬಂಡೆಗಳ ಸಂದಿಗೆ ಕಟ್ಟಿದ್ದರು. ಫೋಟೋ ತುಂಬಿದ ಕಾರ್ಡುಗಳನ್ನು ತೆಗೆದು ಹೊಸದು ಹಾಕಲು ಜನವರಿಯಲ್ಲಿ ಅವಳೇ ಹೋಗಬೇಕು. ಎಂಟು ವರ್ಷದ ನಮ್ಮ ಮಗಳು ತುಂಗಾಳನ್ನು ನೋಡಿಕೊಳ್ಳಲು ಧಾರವಾಡದಿಂದ ಅತ್ತೆ ಬಂದರು. ಮಾವನವರು ಚಳಿಯ ಹೆಸರು ಕೇಳಿಯೇ ಬರಲಿಲ್ಲ.

ನಮ್ಮ ಅತ್ತೆ ಸುನಂದಾ ಟೀಚರ್ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಮಗಳಿಗೂ ಮೊಮ್ಮಗಳಿಗೂ ನದಿಗಳ ಹೆಸರು ಬಂದದ್ದು ಹಾಗೆ. ಅಳಿಯನಿಗೆ ಬಹುವಚನ ಬಿಟ್ಟು ಮಾತಾಡಿದವರಲ್ಲ. ಆದರೆ ಆ ಬಹುವಚನದಲ್ಲೇ ಬೆಂಚಿನ ಮೇಲೆ ನಿಲ್ಲಿಸುವ ಶಕ್ತಿ ಅವರಿಗಿತ್ತು. ಸ್ಕಿಪೋಲ್‌ನಿಂದ ಮನೆಗೆ ಬರುವ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಕೇಳಿದರು.

"ಎತ್ತ ನೋಡಿದ್ರೂ ಸಪಾಟ ಐತಲ್ರಿ ಅಳಿಯಾರ. ಈ ದೇಶದಾಗ ಭೂಗೋಳದ ಮಾಸ್ತರ ವರ್ಷಪೂರ್ತಿ ಏನ ಕಲಸ್ತಾನ?"

"ಸಪಾಟು ಮಾತ್ರ ಅಲ್ಲ ಅತ್ತೆ, ನಾವೀಗ ಸಮುದ್ರಮಟ್ಟಕ್ಕಿಂತ ಕೆಳಗಿದ್ದೀವಿ," ಎಂದು ನಾನು ಜಂಬದಿಂದ ಹೇಳಿದೆ.

"ಗೊತ್ತೈತಿ. ಪೋಲ್ಡರ್, ನೀರ ಬತ್ತಿಸಿ ಮಾಡಿದ ನೆಲ. ಒಂಬತ್ತನೇತ್ತಾದಾಗ ಬರ್ತಿತ್ತು, ಎರಡು ಮಾರ್ಕಿಂದು. ಆದ್ರ ಅಲ್ಲೇ ಬಂದು ಮಲಗಬೇಕಾಗ್ತೈತಿ ಅಂತ ಪುಸ್ತಕದಾಗ ಬರದಿರಲಿಲ್ಲ ನೋಡ್ರಿ."

ಕೆಳಗಿನ ಕೋಣೆಯಲ್ಲಿ ಅವರಿಗೆಂದು ಹಾಸಿಗೆ ಹಾಕಿದ್ದೆವು. ಅದನ್ನು ನೋಡಿ, ನೇರ ಮಹಡಿ ಹತ್ತಿ, ಅದರ ಮೇಲಿನ ಅಟ್ಟವನ್ನೂ ಹತ್ತಿ, ಇಸ್ತ್ರಿ ಮೇಜಿನ ಪಕ್ಕದ ಜಾಗ ಆರಿಸಿಕೊಂಡರು. "ನೀರ ಬಂತಂದ್ರ ಮ್ಯಾಲಿರೋದು ಚಲೋ," ಎಂದರು.

ಶಾಲ್ಮಲಾ ಹೊರಟಳು. ಸ್ಪಿತಿಯ ದೊಡ್ಡ ಊರು ಕಾಜಾ ತಲುಪಿ, ಇಂಟರ್ನೆಟ್ ಸಿಕ್ಕಾಗಲೆಲ್ಲ ಹಿಂದಿನ ತಿಂಗಳುಗಳ ಫೋಟೋಗಳನ್ನು ಕಳಿಸತೊಡಗಿದಳು. ಅವನ್ನು ಜರಡಿ ಹಿಡಿಯಲು ಒಂದು ತಂತ್ರಾಂಶವಿತ್ತು. ಅದರ ಬುದ್ಧಿವಂತಿಕೆ ಎಷ್ಟೆಂದರೆ, ಬಂಡೆಗಳನ್ನೆಲ್ಲ ಚಿರತೆ ಎನ್ನುತ್ತಿತ್ತು, ಪ್ರಾಣಿಗಳನ್ನು ಬಂಡೆ ಎನ್ನುತ್ತಿತ್ತು. ಆದ್ದರಿಂದ ಯಾರಾದರೂ ಕೂತು ಒಂದೊಂದನ್ನೂ ಕಣ್ಣಾರೆ ನೋಡಿ ಹೆಸರು ಹಾಕಬೇಕು. ಆ ಕೆಲಸ ನನಗೆ ಬಿತ್ತು. ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ಮೊದಲ ಸಂಜೆ ಶುರು ಮಾಡಿದೆ. ಹುಲ್ಲು. ಹುಲ್ಲು. ಅಲ್ಲಾಡಿದ ಹುಲ್ಲು. ಕಲ್ಲು. ಅದೇ ಕಲ್ಲಿನ ಮೇಲೆ ಹಿಮ. ಆಕಳಿಸುತ್ತ ಬಟನ್ ಒತ್ತುತ್ತಿದ್ದೆ. ಚಪಾತಿ ಲಟ್ಟಿಸುತ್ತಿದ್ದ ಅತ್ತೆ ಹಿಂದೆ ಬಂದು ನಿಂತಿದ್ದು ಗೊತ್ತಾಗಲಿಲ್ಲ.

"ಅಳಿಯಾರ, ತಾವು ಭಾಳ ಜಲ್ದಿ ಓಡಸ್ಲಿಕತ್ತೀರಿ. ಹಿಂದ ಹೋಗ್ರಿ."

ಹಿಂದೆ ಹೋದೆ. ಹಿಟ್ಟಿನ ಲಟ್ಟಣಿಗೆಯಿಂದ ಟಿವಿಯ ಮೂಲೆ ತೋರಿಸಿದರು. ಅಲ್ಲಿ, ಬಂಡೆಯ ಬಣ್ಣದ್ದೇ ಒಂದು ಪ್ರಾಣಿ ನಮ್ಮನ್ನು ನೋಡುತ್ತಿತ್ತು. ನೀಲಿ ಕುರಿ.

"ನೀಲಿ ಎಲ್ಲೈತ್ರಿ ಇದರಾಗ?"

"ಹೆಸರು ಹಾಗೆ ಅತ್ತೆ."

"ಹೆಸರು ಇಟ್ಟಾವ್ರ ಕಣ್ಣ ತೋರಿಸ್ಕೊಳ್ಳಬೇಕಿತ್ತು," ಎಂದು ತೀರ್ಪು ಕೊಟ್ಟು, ಕುರ್ಚಿ ಎಳೆದುಕೊಂಡು ಕೂತರು. ಅವತ್ತು ಕೂತವರು ಚಳಿಗಾಲ ಮುಗಿಯುವ ತನಕ ಏಳಲಿಲ್ಲ.

ಮರುದಿನದಿಂದ ನಮ್ಮ ಮನೆಯಲ್ಲಿ ತರಗತಿ ಶುರುವಾಯಿತು. ನಾನು ಆಫೀಸಿನಿಂದ ಸೈಕಲ್ ತುಳಿದು ಬಂದು ಒದ್ದೆ ಜಾಕೆಟ್ ತೆಗೆಯುವಷ್ಟರಲ್ಲಿ ಟಿವಿ ಮೇಲೆ ಸ್ಪಿತಿ ತೆರೆದಿರುತ್ತಿತ್ತು. ಅತ್ತೆಯ ಕೈಯಲ್ಲಿ ಲಟ್ಟಣಿಗೆ, ತುಂಗಾಳ ಕೈಯಲ್ಲಿ ಮೌಸ್. ನಾನು ಹಿಂದಿನ ಬೆಂಚು. ಪ್ರತಿ ಫೋಟೋಗೂ ಕೈ ಎತ್ತಿ ಉತ್ತರ ಹೇಳಬೇಕು. ತಪ್ಪಿದರೆ, "ಅಳಿಯಾರ, ತಮ್ಮ ಲಕ್ಷ್ಯ ಎಲ್ಲೈತಿ?" ಎಂಬ ಬಹುವಚನದ ಏಟು. ನೀಲಿ ಕುರಿಗಳ ಹಿಂಡಿನಲ್ಲಿ, ಮೂಗಿನ ತುದಿಯಿಂದ ಲೋಕವನ್ನು ನೋಡುವ ಒಂದು ಮುದಿ ಹೆಣ್ಣು ಮತ್ತೆ ಮತ್ತೆ ಬರುತ್ತಿತ್ತು. ಅದಕ್ಕೆ ಅತ್ತೆ ತಮ್ಮ ಹಳೆಯ ಹೆಡ್‌ಮಿಸ್ಟ್ರೆಸ್ ಹೆಸರಿಟ್ಟರು. ಅದು ಬಂದಾಗಲೆಲ್ಲ ಮೂವರೂ ಸೆಟೆದು ಕೂರುತ್ತಿದ್ದೆವು.

ಒಂದು ಸಂಜೆ ಪರದೆಯ ತುಂಬ ಕಪ್ಪು ರೋಮದ ರಾಶಿ ಬಂತು.

"ಇದೇನ್ರಿ?"

"ಯಾಕ್, ಅತ್ತೆ."

"ಯಾಕಂದ್ರ? ಕಾಣವಲ್ದು ಅಂತ ಕೇಳಿದೆ."

"ಅಲ್ಲ ಅತ್ತೆ, ಯಾಕ್! ಯಾಕ್!"

"ಕೇಳಬಾರದೇನು ಹಂಗಾರ?"

ಅವರ ಮುಖ ಗಂಭೀರವಾಯಿತು. ತುಂಗಾ ನಡುವೆ ಬಂದಳು. "ಅಜ್ಜಿ, ಇಟ್ಸ್ ಆನ್ ಆನಿಮಲ್!"

"ಹಂಗೆಲ್ಲ ಅಪ್ಪಾಗ ಅನಬಾರದವಾ," ಎಂದರು ಅತ್ತೆ. ನಾನು ಕೊಂಬು, ಬಾಲ ಎಲ್ಲ ಕೈಯಲ್ಲಿ ಮಾಡಿ ತೋರಿಸಿದ ಮೇಲೆ, "ಚಮರೀಮೃಗ ಅಂತ ಶುದ್ಧ ಕನ್ನಡದಾಗ ಹೇಳಬೇಕ್ರೆಪಾ" ಎಂದು ಉಸಿರುಬಿಟ್ಟರು.

ಚಕೋರ ಬಂದ ದಿನವಂತೂ ಅವರಿಗೆ ನಿಜವಾಗಿ ಬೇಸರವಾಯಿತು. ಬೆಳದಿಂಗಳು ಕುಡಿದು ಬದುಕುವ ಹಕ್ಕಿಯೆಂದು ಕಾವ್ಯಗಳಲ್ಲಿ ಓದಿದ್ದರು. ಪರದೆಯ ಮೇಲೆ ಹೊಟ್ಟೆ ಮುಂದೆ ಮಾಡಿಕೊಂಡು ಓಡುವ ಒಂದು ದುಂಡನೆಯ ಹಕ್ಕಿ ಇತ್ತು. "ಬೆಳದಿಂಗಳ ಕುಡಿದ್ರ ಇಷ್ಟು ಮೈ ಬರ್ತೈತೇನ್ರಿ? ಜ್ವಾಳಾ ತಿಂದ ಕೋಳಿ ಆಗೇತಿ!"

ನಡುನಡುವೆ ತುಂಗಾಳಿಗೆ ಐದು ಮಾರ್ಕಿನ ಉತ್ತರ ಹೇಳಿಕೊಡುತ್ತಿದ್ದರು. ಸ್ಪಿತಿಯ ಜನ ಚುಟುಕು ಬೇಸಿಗೆಯಲ್ಲಿ ಬಾರ್ಲಿ ಮತ್ತು ಹಸಿ ಬಟಾಣಿ ಬೆಳೆಯುತ್ತಾರೆ, ಬಟಾಣಿ ಲಾರಿ ಹತ್ತಿ ದೆಹಲಿಗೆ ಹೋಗುತ್ತದೆ. ಕೆಳಗಿನ ಊರುಗಳಲ್ಲಿ ಸೇಬು. ಕುರಿ, ಆಡು, ಯಾಕ್ ಸಾಕುತ್ತಾರೆ. ಪ್ರವಾಸಿಗಳಿಗೆ ಮನೆಯಲ್ಲೇ ಕೋಣೆ ಕೊಡುತ್ತಾರೆ. ಕೆಲವು ಶಾಲ್ಮಲಾ ಫೋನಿನಲ್ಲಿ ಹೇಳಿದ್ದು, ಕೆಲವು ಹಳೆಯ ಪಠ್ಯಪುಸ್ತಕದ್ದು. ತುಂಗಾ ಒಮ್ಮೆ ಇಂಗ್ಲಿಷಿನಲ್ಲಿ ಕೇಳಿದಳು: ಚಿರತೆ ಕುರಿ ತಿಂದರೆ ಕುರಿಯವರಿಗೆ ಸಿಟ್ಟು ಬರುವುದಿಲ್ಲವೇ? ಅದಕ್ಕೇ ಊರವರೆಲ್ಲ ಸೇರಿ ಒಂದು ವಿಮೆ ನಡೆಸುತ್ತಾರಂತೆ, ಕುರಿ ಹೋದರೆ ಪರಿಹಾರ ಸಿಗುತ್ತದಂತೆ ಎಂದೆ. ಅತ್ತೆ ಲಟ್ಟಣಿಗೆ ಕೆಳಗಿಟ್ಟು, "ಇದು ಸಿಲೆಬಸ್‌ನಾಗ ಇರಲಿಲ್ಲ, ಇರಬೇಕಿತ್ತು" ಎಂದರು.

ಶನಿವಾರಗಳಂದು ಅವರಿಗೆ ಪರ್ವತಾರೋಹಣ ಬೇಕಿತ್ತು. ಮುಂದೆ ಮರದ ದೊಡ್ಡ ಪೆಟ್ಟಿಗೆಯಿರುವ ಬಕ್‌ಫೀಟ್ಸ್ ಎಂಬ ಸೈಕಲ್ ನಮ್ಮಲ್ಲಿತ್ತು. ಇಲ್ಲಿ ಅದರಲ್ಲಿ ಮಕ್ಕಳನ್ನೂ ತರಕಾರಿಯನ್ನೂ ಒಯ್ಯುತ್ತಾರೆ. ಅತ್ತೆ ಶಾಲು ಹೊದ್ದು, ತುಂಗಾಳನ್ನು ಪಕ್ಕ ಕೂರಿಸಿಕೊಂಡು ಅದರಲ್ಲಿ ವಿರಾಜಮಾನರಾಗುತ್ತಿದ್ದರು. ಎದುರುಗಾಳಿಗೆ ನಾನು ಬೆವರಿಳಿಸಿಕೊಂಡು ಆ ಮಣ್ಣಿನ ಗುಡ್ಡಕ್ಕೆ ತುಳಿಯಬೇಕು. ಅವರು ಸೀರೆಯ ನೆರಿಗೆ ಎತ್ತಿಹಿಡಿದು ಮೇಲೇರಿ, ಮಳೆಯಲ್ಲಿ ನಿಂತು, ಸುತ್ತಲಿನ ಸಪಾಟು ದೇಶವನ್ನು ನೋಡಿ ಮರುಕಪಡುತ್ತಿದ್ದರು. "ಪಾಪ, ಗುಡ್ಡಾನೂ ಇವರs ಮಾಡ್ಕೋಬೇಕು." ಶಾಲು ಒದ್ದೆಯಾಗುತ್ತಿದ್ದುದು ಅಲ್ಲೇ.

ಹೀಗೆ ತೋಳ ಸಿಕ್ಕಿತು, ಕೆಂಪು ನರಿ ಸಿಕ್ಕಿತು, ಕ್ಯಾಮೆರಾ ನೆಕ್ಕಿದ ಕತ್ತೆಯೂ ಸಿಕ್ಕಿತು. ಹಿಮಚಿರತೆ ಮಾತ್ರ ಇಲ್ಲ. ಫೆಬ್ರವರಿ ಬಂತು. ಫೋನಿನಲ್ಲಿ ಶಾಲ್ಮಲಾಳ ದನಿ ಸಣ್ಣದಾಗುತ್ತಿತ್ತು. "ಇನ್ನೊಂದು ಕಾರ್ಡ್ ಅಪ್‌ಲೋಡ್ ಮಾಡಿದೀನಿ, ನೋಡಿಬಿಡು. ನಾನು ಮೇಲಿನ ಊರಿಗೆ ಹೋಗ್ತೀನಿ, ಎರಡು ದಿನ ನೆಟ್‌ವರ್ಕ್ ಇರಲ್ಲ" ಎಂದಳು.

ಆ ಎರಡು ದಿನ ಕಳೆದವು. ಫೋನ್ ಬರಲಿಲ್ಲ. ಸ್ಪಿತಿಯಲ್ಲಿ ಭಾರಿ ಹಿಮ ಬಿದ್ದು ರಸ್ತೆಗಳು ಮುಚ್ಚಿವೆ ಎಂಬ ಸುದ್ದಿ ಬಂತು. ಕಾಜಾದಲ್ಲಿದ್ದ ಅವಳ ಸಹಾಯಕರ ನಂಬರೂ ಸಿಗಲಿಲ್ಲ. ನಾನು ಆಫೀಸಿನಲ್ಲಿ ಸರಕುಗಳನ್ನು ತಪ್ಪು ವಿಮಾನಕ್ಕೆ ಹತ್ತಿಸುವ ಹಂತಕ್ಕೆ ಬಂದೆ. ಅತ್ತೆ ಮಾತ್ರ ತುಂಗಾಳನ್ನು ಕೂರಿಸಿಕೊಂಡು ಹಿಮ ಹೇಗೆ ಬೀಳುತ್ತದೆ, ರಸ್ತೆ ಹೇಗೆ ಮುಚ್ಚುತ್ತದೆ, ಯಂತ್ರ ತಂದು ಹೇಗೆ ತೆಗೆಯುತ್ತಾರೆ ಎಂದು ತರಗತಿಯ ದನಿಯಲ್ಲಿ ಪಾಠ ಮಾಡಿದರು. ಆ ರಾತ್ರಿಯ ಊಟಕ್ಕೆ ಸಾರಿನಲ್ಲಿ ಉಪ್ಪಿರಲಿಲ್ಲ. ಮರುದಿನ ಎರಡು ಪಾಲಿತ್ತು. ನಾನೂ ತುಂಗಾಳೂ ತಟ್ಟೆ ಪೂರ್ತಿ ಖಾಲಿ ಮಾಡಿದೆವು.

ಭಾನುವಾರ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಹಾಲ್‌ನಲ್ಲಿ ಅತ್ತೆ ಆ ಕೊನೆಯ ಕಾರ್ಡಿನ ಫೋಟೋಗಳನ್ನು ನೋಡುತ್ತಿದ್ದರು. "ಅಯ್ಯ ನನ್ನ ಕೂಸs!" ಎಂಬ ದನಿ ಕೇಳಿ ಸೋಪಿನ ಕೈಯಲ್ಲೇ ಓಡಿದೆ.

ಟಿವಿಯ ತುಂಬ ಶಾಲ್ಮಲಾಳ ಮುಖ. ಕ್ಯಾಮೆರಾ ಕಟ್ಟುವಾಗ ಅದು ಅವಳನ್ನೇ ಮೊದಲ ಫೋಟೋ ತೆಗೆದಿತ್ತು. ಕೆಂಪಾದ ಮೂಗು, ಒಡೆದ ತುಟಿ, ಕಣ್ಣು ಕಿರಿದು ಮಾಡಿ ಏನನ್ನೋ ಬಿಗಿಯುತ್ತಿದ್ದಾಳೆ. ತಂತ್ರಾಂಶ ಕೆಳಗೆ ತನ್ನ ಅಭಿಪ್ರಾಯ ಬರೆದಿತ್ತು: ಯಾಕ್.

ಅತ್ತೆ ಎದ್ದುಹೋಗಿ ಪರದೆಯ ಹತ್ತಿರ ನಿಂತರು. ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು, "ಟೋಪಿ ಹಾಕ್ಕೊಂಡಿಲ್ಲ ನೋಡ್ರಿ ಇಕಿ."

ತುಂಗಾ ಬಟನ್ ಒತ್ತಿದಳು. ಶಾಲ್ಮಲಾಳ ಬೆನ್ನು, ನಡೆದುಹೋಗುತ್ತಿರುವುದು. ಬರೀ ಬಂಡೆ. ಬಂಡೆಯ ನೆರಳು ಉದ್ದವಾದದ್ದು. ಮುಂದಿನ ಫೋಟೋದಲ್ಲಿ, ಅವಳು ಹೋದ ಅದೇ ದಾರಿಯಲ್ಲಿ, ಅವಳ ಹೆಜ್ಜೆ ಗುರುತಿಗೆ ಮೂಗು ಹಚ್ಚಿ, ಹೊಗೆಯ ಬಣ್ಣದ, ಕಪ್ಪು ಚುಕ್ಕೆಯ ಒಂದು ಪ್ರಾಣಿ ನಿಂತಿತ್ತು. ಅದರ ಬಾಲ ಅದರಷ್ಟೇ ಉದ್ದ.

ಇಡೀ ಚಳಿಗಾಲ ಕಾದ ಹಿಮಚಿರತೆ. ನಾನು ಕುಣಿಯಬೇಕಿತ್ತು. ಅತ್ತೆ ಕಿರುಚಿದರು.

"ನನ್ನ ಮಗಳ ಬೆನ್ನ ಹತ್ತೇತ್ರಿ ಅದು! ಅದs ದಿನ, ಅದs ದಾರಿ! ಫೋನ್ ಯಾಕ ಬಂದಿಲ್ಲಂತ ಈಗ ತಿಳೀತು!"

"ಅತ್ತೆ, ಹಿಮಚಿರತೆ ಮನುಷ್ಯರ ತಂಟೆಗೆ ಬರಲ್ಲ…"

"ಇಕಿ ಟೋಪಿ ಹಾಕ್ಕೊಂಡಿಲ್ಲ, ಮನಶ್ಯಾಳು ಅಂತ ಅದಕ್ಕ ಹೆಂಗ ಗೊತ್ತಾಗಬೇಕ್ರಿ? ಕಂಪ್ಯೂಟರ್‌ಗs ಗೊತ್ತಾಗಿಲ್ಲ!"

ಇಷ್ಟರಲ್ಲಿ ತುಂಗಾ ಸಂತೋಷದಿಂದ ಬಾಗಿಲು ತೆರೆದು, ಬೀದಿಗೆಲ್ಲ ಕೇಳುವಂತೆ ಡಚ್ಚಿನಲ್ಲಿ ಕೂಗಿದ್ದಳು: "ಅಜ್ಜಿಗೆ ಬೆಕ್ಕು ಸಿಕ್ತು! ಅಜ್ಜಿಗೆ ಬೆಕ್ಕು ಸಿಕ್ತು!" ಹಿಮಚಿರತೆಯನ್ನು ನಾವು ಮನೆಯಲ್ಲಿ ಬೆಕ್ಕು ಎಂದೇ ಕರೆಯುತ್ತಿದ್ದೆವು. ಆದರೆ ಅದು ಪಕ್ಕದ ಮನೆಯ ಟ್ರೂಸ್‌ಗೆ ಗೊತ್ತಿರಲಿಲ್ಲ. ಒಬ್ಬರೇ ಇರುವ ಆ ಹಿರಿಯ ಹೆಂಗಸಿನ ಬೂದುಬೆಕ್ಕು ಆ ವಾರ ಕಾಣೆಯಾಗಿ, ಬೀದಿಯ ಕಂಬಗಳಲ್ಲೆಲ್ಲ ಅದರ ಫೋಟೋ ಅಂಟಿಸಿದ್ದರು. ಮನೆಚಪ್ಪಲಿಯಲ್ಲೇ ಮಳೆಯಲ್ಲಿ ಓಡಿಬಂದರು. "ಎಲ್ಲಿ? ಎಲ್ಲಿದೆ?" ಎನ್ನುತ್ತ ಒಳಗೆ ನುಗ್ಗಿದವರಿಗೆ ಅತ್ತೆ ಅಳುತ್ತ ಲಟ್ಟಣಿಗೆಯಿಂದ ಟಿವಿ ತೋರಿಸಿದರು.

ಟ್ರೂಸ್ ನೋಡಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು. "ಇದು ನನ್ನದಲ್ಲ," ಎಂದು ಮೆಲ್ಲಗೆ ಡಚ್ಚಿನಲ್ಲಿ ಹೇಳಿದರು.

ನಾನು ಅವರಿಗೆ ವಿಷಯ ವಿವರಿಸಿದೆ. ಹೆಂಡತಿ, ಹಿಮ, ಬಾರದ ಫೋನು, ಎಲ್ಲವನ್ನೂ. ಟ್ರೂಸ್ ಅತ್ತೆಯ ಪಕ್ಕ ಕೂತು ಅವರ ಕೈ ಹಿಡಿದುಕೊಂಡರು. ಅತ್ತೆ ಕೈ ಬಿಡಿಸಿಕೊಳ್ಳಲಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಆಗ ಟ್ರೂಸ್ ನನ್ನನ್ನು ಕೇಳಿದರು, "ಇದರ ಮುಂದಿನ ಫೋಟೋ ಏನಿದೆ?"

ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ; ಈ ಫೋಟೋಗಳನ್ನು ಆಮೇಲೆ ಕಳಿಸಿದವಳೇ ಶಾಲ್ಮಲಾ ಎಂಬುದೂ ಗಾಬರಿಯಲ್ಲಿ ಮರೆತೇಹೋಗಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡು, "ನೀವs ಒತ್ತರಿ" ಎಂದರು. ಒತ್ತಿದೆ. ಚಿರತೆಯ ಬಾಲ. ಬಂಡೆ. ಹಿಮ. ನೀಲಿ ಕುರಿಗಳು, ಮುಂದೆ ಹೆಡ್‌ಮಿಸ್ಟ್ರೆಸ್. ಮತ್ತೆ ಬಂಡೆ. ಒತ್ತುತ್ತ ಹೋದೆ. ಕಾರ್ಡಿನ ಕೊನೆಯ ಫೋಟೋದಲ್ಲಿ ಮತ್ತೆ ಅದೇ ಕೆಂಪು ಮೂಗು ಪರದೆಯ ತುಂಬ ಬಂತು. ವಾರಗಳ ನಂತರ ಕಾರ್ಡು ತೆಗೆಯಲು ಬಂದ ಶಾಲ್ಮಲಾ, ಇಷ್ಟಗಲ ನಗುತ್ತಿದ್ದಳು. ಬಹುಶಃ ಕ್ಯಾಮೆರಾ ಇನ್ನೂ ನಡೆಯುತ್ತಿದ್ದುದಕ್ಕೆ.

"ಕಣ್ಣು ತೆಗೀರಿ ಅತ್ತೆ."

ಅತ್ತೆ ತೆಗೆದರು. "ಈಗೂ ಟೋಪಿ ಇಲ್ಲ," ಎಂದು ಸೀರೆಯ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಎದ್ದುಹೋಗಿ ಟ್ರೂಸ್‌ಗೆ ಒಗ್ಗರಣೆ ಅವಲಕ್ಕಿ ಮಾಡಿದರು. ಮೆಣಸಿನಕಾಯಿ ಹಾಕುವಾಗ ಕೈ ಹಿಡಿಯಲಿಲ್ಲ. ಟ್ರೂಸ್ ಕಣ್ಣೀರಿಡುತ್ತ ಪೂರ್ತಿ ತಿಂದರು. ಅದು ಬೆಕ್ಕಿಗಾಗಿಯೋ ಖಾರಕ್ಕಾಗಿಯೋ ನಮಗೆ ತಿಳಿಯಲಿಲ್ಲ. ಅವರ ಬೆಕ್ಕು ಎರಡು ಬೀದಿಯಾಚೆ ಯಾರದೋ ತೋಟದ ಶೆಡ್ಡಿನಲ್ಲಿ ಸಿಕ್ಕಿಬಿದ್ದಿತ್ತು, ಮುಂದಿನ ವಾರ ಸೊರಗಿ ಮನೆಗೆ ಬಂತು.

ಚಿರತೆಯ ಭಯ ಹೋಯಿತು, ಹಿಮದ ಭಯ ಉಳಿಯಿತು. ಬುಧವಾರ ಬೆಳಿಗ್ಗೆ, ತುಂಗಾಳನ್ನು ಶಾಲೆಗೆ ಬಿಟ್ಟು ಬಂದು ಶೂ ಬಿಚ್ಚುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಗೊರಗೊರ ಸದ್ದಿನ ನಡುವೆ ಶಾಲ್ಮಲಾಳ ದನಿ. ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ, ಅಟ್ಟದಿಂದ ಅತ್ತೆ ಅದು ಹೇಗೆ ಇಳಿದರೋ, ಫೋನ್ ಅವರ ಕೈಯಲ್ಲಿತ್ತು. ನಾನು ಕಿವಿ ಹತ್ತಿರ ತಂದೆ.

"ಅವ್ವಾ, ರಸ್ತೆ ಬಂದ್ ಆಗಿತ್ತು, ಟವರ್ ಬಿದ್ದಿತ್ತು. ನಾವೆಲ್ಲಾ ಆರಾಮ ಅದೀವಿ. ಒಬ್ಬರ ಮನ್ಯಾಗ ಬೆಚ್ಚಗ ಇದ್ವಿ, ದಿನಾ ಬಟಾಣಿ ತಿಂದ್ವಿ…"

"ಅದೆಲ್ಲಾ ಇರ್ಲಿ. ಟೋಪಿ ಎಲ್ಲೆ?"

"ಏನ್ ಟೋಪಿ?"

"ನಾ ಹೆಣೆದು ಕೊಟ್ಟಿದ್ದು. ನೀಲಿ ಉಲ್ಲನ್ನಿಂದು."

"ಅವ್ವಾ, ಅದನ್ನ ಕ್ಯಾಮೆರಾ ಬ್ಯಾಟರಿಗೆ ಹಾಕೀನಿ. ಥಂಡಿಗೆ ಬ್ಯಾಟರಿ ಸಾಯ್ತಾವ."

ಅತ್ತೆ ಫೋನನ್ನು ನನ್ನ ಕೈಗೆ ಕೊಟ್ಟು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡರು. ನಲ್ಲಿ ತಿರುಗಿಸಿದ ಸದ್ದಾಯಿತು. ಬಕೆಟ್ ಇಲ್ಲದ ಬಚ್ಚಲಲ್ಲಿ ನೀರು ಬಹಳ ಹೊತ್ತು ಸುರಿಯುತ್ತಲೇ ಇತ್ತು. ನಾನು ಶಾಲ್ಮಲಾಳಿಗೆ ಬೆಕ್ಕು ಸಿಕ್ಕಿತು ಎಂದು ಹೇಳಿದೆ. ಅವಳು ಕೂಗಿದ್ದಕ್ಕೆ ಸ್ಪಿತಿಯ ಆ ಮನೆಯವರೆಲ್ಲ ಓಡಿಬಂದರಂತೆ.

ಯೋಜನೆ ಉಳಿಯಿತು, ಕರಾರು ಮುಂದುವರಿಯಿತು. ಸಂಶೋಧಕರು ಆ ಚಿರತೆಗೆ ಒಂದು ಸಂಖ್ಯೆ ಕೊಟ್ಟರು. ನಮ್ಮ ಮನೆಯಲ್ಲಿ ಅದರ ಹೆಸರು ಮಲಪ್ರಭಾ. ಅತ್ತೆ ಊರಿಗೆ ಹೊರಡುವ ದಿನ, ವಿಮಾನ ನಿಲ್ದಾಣದಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು. ಯಾವುದೋ ಸಂಸಾರದ ಮಾತಿರಬೇಕೆಂದು ಬಗ್ಗಿ ನಿಂತೆ. "ಅಳಿಯಾರ, ತಾವು ಪಾಸ್. ಆದ್ರ ನರಿಗೂ ತೋಳಕ್ಕೂ ಇನ್ನಾ ಗೊಂದಲ ಐತಿ," ಎಂದರು.

ಜೂನ್‌ನಲ್ಲಿ ಶಾಲ್ಮಲಾ ಮತ್ತೆ ಸ್ಪಿತಿಗೆ ಹೊರಟಾಗ ಅತ್ತೆಯೂ ಹೋದರು. ಹಿಮಾಲಯವನ್ನು ಅವರು ಕಂಡದ್ದು ಅದೇ ಮೊದಲು. ನಾನು ಹೂಫ್‌ಡಾರ್ಪ್‌ನಲ್ಲಿ ಅವರ ಫೋನಿಗೆ ಕಾಯುತ್ತಿದ್ದೆ. ಬೆಟ್ಟಗಳ ಬಗ್ಗೆ ಏನು ಹೇಳುತ್ತಾರೋ ಎಂದು. ಬೆಟ್ಟಗಳ ಬಗ್ಗೆ ಅವರು ಏನೂ ಹೇಳಲಿಲ್ಲ. ತಾವಿದ್ದ ಮನೆಯ ಮುಂದಿನ ಬಟಾಣಿ ಹೊಲದಲ್ಲಿ ಶಾಲೆಯ ಹುಡುಗಿಯೊಬ್ಬಳು ಕಳೆ ಕೀಳುತ್ತಿದ್ದಳಂತೆ. ಟೀಚರ್ ಬಿಡುತ್ತಾರೆಯೇ? ತಮ್ಮ ಧಾರವಾಡದ ಹಿಂದಿಯಲ್ಲಿ ಪ್ರಶ್ನೆ ಹಾಕಿದರಂತೆ.

"ನಿಮ್ಮ ಪ್ರದೇಶಕ್ಕ ಶೀತ ಮರುಭೂಮಿ ಅಂತ ಯಾಕ ಕರೀತಾರ, ಕಾರಣ ಕೊಡು ಅಂದೆ ಅಳಿಯಾರ. ಐದು ಮಾರ್ಕಿಂದು. ಪ್ರತಿ ವರ್ಷಾ ಕೇಳ್ತಿದ್ದೆ, ನಮ್ಮ ಹುಡುಗ್ಯಾರು ಬಾಯಿಪಾಠ ಹೇಳ್ತಿದ್ರು."

"ಏನಂದ್ಲು ಅತ್ತೆ?"

"ಕಳೆ ಕೀಳೋದು ಬಿಡಲಿಲ್ಲ. ಹಸಿರು ಹೊಲದಾಗ ಕೂತು, ನನ್ನ ಮಾರಿ ನೋಡಿ, 'ಯಾರು ಕರೀತಾರ?' ಅಂದ್ಲು."

ಫೋನಿನಲ್ಲಿ ಗಾಳಿಯ ಸದ್ದು, ಅದರ ಹಿಂದೆ ಅತ್ತೆಯ ನಗು.

"ಪೂರಾ ಐದು ಕೊಟ್ಟೆ ನೋಡ್ರಿ."